ನೀರು ಬಂದರೆ ಸುಮ್ಮನಾಗುವ ಪಂಪು

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮನೆಯವರೆಲ್ಲ ಹೇಳುತ್ತಾರೆ. ಸುಳ್ಳಲ್ಲ. ಕಾಮಾಕ್ಷಿಪಾಳ್ಯದಲ್ಲಿ ಮೂವತ್ತು ವರ್ಷ ಮೋಟಾರ್ ವೈಂಡಿಂಗ್ ಅಂಗಡಿ ಇಟ್ಟುಕೊಂಡವನಿಗೆ ತಾಳ್ಮೆ ಎಲ್ಲಿಂದ ಬರಬೇಕು? ಸುಟ್ಟು ಕರಕಲಾದ ಮೋಟಾರನ್ನು ತಂದು ಮುಂದಿಟ್ಟು, "ನಾವೇನೂ ಮಾಡಿಲ್ಲ ಸಾರ್, ತಾನಾಗೇ ನಿಂತೋಯ್ತು" ಅನ್ನುವವರೇ ಎಲ್ಲ. ತಾನಾಗೇ ಯಾವುದೂ ನಿಲ್ಲುವುದಿಲ್ಲ, ತಾನಾಗೇ ಯಾವುದೂ ಓಡುವುದಿಲ್ಲ ಎನ್ನುವುದು ನನ್ನ ನಂಬಿಕೆ. ದೆವ್ವ, ಗಾಳಿ, ದೃಷ್ಟಿ ಇವಕ್ಕೆಲ್ಲ ನಾನು ಸೊಪ್ಪು ಹಾಕಿದವನಲ್ಲ. ಆದರೂ ಕೆಂಗೇರಿ ಕಡೆಯ ಒಂದು ಕೆರೆಯಲ್ಲಿ ಒಂದು ಸಣ್ಣ ಪಂಪು ನನ್ನನ್ನು ಎರಡು ತಿಂಗಳು ಹೆದರಿಸಿತು. ಅದನ್ನು ಅಲ್ಲಿ ಕೂರಿಸಿದವನು ನಾನೇ.

ಇದು ಶುರುವಾದದ್ದು ಭಾವನ ಕೆಲಸ ಹೋದದ್ದರಿಂದ. ಭಾವ ಎಂದರೆ ನನ್ನ ಅಕ್ಕನ ಗಂಡ. ನಮ್ಮ ಅಂಗಡಿಯ ಹಿಂದಿನ ರಸ್ತೆಯ ಗಾರ್ಮೆಂಟ್ಸಿನಲ್ಲಿ ಕಟಿಂಗ್ ಮಾಸ್ಟರ್ ಆಗಿದ್ದರು. ನೂರು ಪದರ ಬಟ್ಟೆಯನ್ನು ಒಂದೇ ಸಲಕ್ಕೆ ಕತ್ತರಿಸಿದರೂ ಒಂದು ನೂಲು ಆಚೀಚೆ ಆಗುತ್ತಿರಲಿಲ್ಲ ಎಂದು ಅವರ ಜೊತೆ ಕೆಲಸ ಮಾಡಿದವರು ಇವತ್ತಿಗೂ ಹೇಳುತ್ತಾರೆ. ಮೆಲುಮಾತಿನ ಮನುಷ್ಯ. ಎದುರಿಗೆ ಯಾರಾದರೂ ದನಿ ಏರಿಸಿದರೆ ತಾನೇ ತಪ್ಪು ಮಾಡಿದವರ ಹಾಗೆ ತಲೆ ತಗ್ಗಿಸುತ್ತಾರೆ. ಆ ಗಾರ್ಮೆಂಟ್ಸ್ ಮುಚ್ಚಿದ ಮೇಲೆ ಹೊಸಹಳ್ಳಿಯ ಮನೆಯಲ್ಲಿ ಸುಮ್ಮನೆ ಕುಳಿತರು. ಬೆಳಿಗ್ಗೆ ಎದ್ದು ಸ್ನಾನ ಮಾಡಿ, ಇಸ್ತ್ರಿ ಹಾಕಿದ ಷರಟು ತೊಟ್ಟು, ಎಲ್ಲಿಗೂ ಹೋಗದೆ ಕುರ್ಚಿಯಲ್ಲಿ ಕೂರುವುದನ್ನು ನನಗೆ ನೋಡಲಾಗುತ್ತಿರಲಿಲ್ಲ.

ನಮ್ಮ ಪಕ್ಕದ ಶೆಡ್ಡಿನವರು ಫೈಬರ್ ಕೆಲಸದವರು. ನೀರಿನ ಟ್ಯಾಂಕು, ಆಟೋ ಟಾಪು ಮಾಡಿಕೊಂಡಿದ್ದವರು ಆ ವರ್ಷ ಮೊದಲ ಸಲ ಒಂದು ದೋಣಿ ಮಾಡಿದರು. ಕೆರೆಯ ಕಳೆ ತೆಗೆಯುವ ಗುತ್ತಿಗೆದಾರನೊಬ್ಬ ಮಾಡಿಸಿದ್ದು. ಚಪ್ಪಟೆ ತಳದ, ಅಗಲವಾದ, ಟೆಂಪೋದ ಹಿಂಭಾಗ ಕಿತ್ತು ನೀರಿಗೆ ಬಿಟ್ಟ ಹಾಗಿದ್ದ ದೋಣಿ. ಅದಕ್ಕೆ ವೈರಿಂಗ್ ಮಾಡಿಕೊಡಲು ನನ್ನನ್ನು ಕರೆದರು. ದೋಣಿ ನಡೆಸಲು ನಂಬಿಕಸ್ತರು ಯಾರಾದರೂ ಇದ್ದಾರಾ ಎಂದು ಗುತ್ತಿಗೆದಾರ ಕೇಳಿದ. ನಾನು ಭಾವನ ಹೆಸರು ಹೇಳಿಬಿಟ್ಟೆ.

ಅಕ್ಕ ಮಾತ್ರ ಒಪ್ಪಲಿಲ್ಲ. "ನಿಮ್ ಭಾವನಿಗೆ ಈಜು ಬರಲ್ಲ ಕಣೋ. ಬಚ್ಚಲಲ್ಲಿ ನೀರು ನಿಂತ್ರೇನೇ ಹೆದರೋ ಮನುಷ್ಯ" ಎಂದಳು.

"ನಾನು ಪಂಪ್ ಹಾಕ್ತೀನಲ್ಲ, ನಿಂಗ್ಯಾಕೆ ಭಯ? ದೋಣಿ ಒಳಗೆ ಒಂದು ಲೋಟ ನೀರು ನಿಲ್ಲಲ್ಲ, ಬರ್ಕೋ" ಎಂದೆ.

"ಸರಿ. ನಿನ್ನ ನಂಬಿ ಕಳಿಸ್ತಾ ಇದೀನಿ" ಎಂದಳು.

ದೋಣಿಯೊಳಗೆ ನೀರು ಬರುವುದು ಸಹಜ. ದೋಣಿಯನ್ನು ಮುಂದೂಡುವ ಹಿಂಬದಿಯ ರೆಕ್ಕೆಯನ್ನು ಮೋಟಾರಿನಿಂದ ತಿರುಗಿಸುವ ಸರಳು ತಳ ತೂರಿ ಹೊರಗೆ ಹೋಗುವ ಜಾಗದಲ್ಲಿ ಹನಿ ಹನಿಯಾಗಿ ಬರುತ್ತಲೇ ಇರುತ್ತದೆ. ಇನ್ನು ಕೆರೆಯಿಂದ ಎಳೆದು ಹಾಕಿದ ಹಸಿ ಕಳೆಯಿಂದ ಸೋರುವ ನೀರಿಗಂತೂ ಲೆಕ್ಕವಿಲ್ಲ. ಅದೆಲ್ಲ ಹಲಗೆಯ ಕೆಳಗೆ ಇಳಿದು, ಹಿಂಬದಿಯ ಗುಂಡಿಯಲ್ಲಿ ಸೇರುತ್ತದೆ. ಪಂಪಿನ ಡಬ್ಬದ ಮೇಲೆ ಆ ಜಾಗಕ್ಕೆ ಬಿಲ್ಜ್ ಎಂದು ಬರೆದಿತ್ತು. ನಾವು ದೋಣಿಯ ಹೊಟ್ಟೆ ಎನ್ನುತ್ತಿದ್ದೆವು. ಹೊಟ್ಟೆ ತುಂಬಿದರೆ ದೋಣಿ ಮುಳುಗುತ್ತದೆ, ಅಷ್ಟೇ ವಿಷಯ. ಅದಕ್ಕೆ ಅಲ್ಲೊಂದು ಬ್ಯಾಟರಿ ಪಂಪು, ಅದರ ಪಕ್ಕಕ್ಕೆ ಒಂದು ಫ್ಲೋಟ್ ಸ್ವಿಚ್ಚು. ನಮ್ಮ ಮನೆಗಳ ಟ್ಯಾಂಕಿನಲ್ಲಿ ತೇಲುತ್ತಿರುತ್ತದಲ್ಲ, ಅದೇ ಪ್ಲಾಸ್ಟಿಕ್ ಬುರುಡೆ.

ರಾಜಾಜಿನಗರದಿಂದ ಅನ್ನಪೂರ್ಣೇಶ್ವರಿ ನಗರದವರೆಗೆ ನಾನು ಎಷ್ಟು ಮನೆಗಳಲ್ಲಿ ಆ ಬುರುಡೆ ಹಾಕಿದ್ದೇನೋ ದೇವರಿಗೇ ಗೊತ್ತು. ಕಣ್ಣು ಕಟ್ಟಿದರೂ ಹಾಕುತ್ತೇನೆ. ದೋಣಿಗೂ ಹಾಗೇ ಹಾಕಿದೆ. ಶೆಡ್ಡಿನಲ್ಲೇ ಸ್ವಿಚ್ ಒತ್ತಿದೆ, ಪಂಪು ಓಡಿತು. ಬುರುಡೆಯನ್ನು ಕೈಯಲ್ಲಿ ಮೇಲೆ ಎತ್ತಿದೆ, ನಿಂತಿತು. ಕೆಳಗೆ ಬಿಟ್ಟೆ, ಓಡಿತು. ಸರಿಯಾಗಿದೆ ಎಂದು ಕೈ ಒರೆಸಿಕೊಂಡೆ. ಭಾವನಿಗೆ ಹೇಳಿದ್ದು ಇಷ್ಟೇ: "ದೋಣಿ ಹತ್ತಿದ ತಕ್ಷಣ ಈ ಸ್ವಿಚ್ ಹಾಕಿ. ಇಳಿಯೋವಾಗ ತೆಗೀರಿ. ಮಿಕ್ಕಿದ್ದೆಲ್ಲ ಆಟೋಮ್ಯಾಟಿಕ್. ನೀವು ಏನೂ ಮುಟ್ಟಕ್ಕೆ ಹೋಗ್ಬೇಡಿ."

ಕೆರೆಯನ್ನು ನಾನು ಮೊದಲು ನೋಡಿದ್ದು ದೋಣಿ ಇಳಿಸಿದ ದಿನ. ಮೂರು ಕಡೆ ಹೊಸ ಲೇಔಟಿನ ಮನೆಗಳು, ಒಂದು ಕಡೆ ಏರಿ. ನೀರು ಎಂದು ಕಾಣುತ್ತಿದ್ದುದು ಬಹಳ ಕಡಿಮೆ. ನೇರಳೆ ಹೂವಿನ ಕಳೆ ದಡದಿಂದ ದಡಕ್ಕೆ ಹಬ್ಬಿ, ನಡೆದುಕೊಂಡೇ ಆಚೆ ಹೋಗಬಹುದೇನೋ ಅನ್ನಿಸುವಷ್ಟು ದಟ್ಟವಾಗಿತ್ತು. ಭಾವ ದೋಣಿಯನ್ನು ಅದರೊಳಕ್ಕೆ ನುಗ್ಗಿಸಿದಾಗ ದಾರಿಯೊಂದು ತೆರೆದುಕೊಂಡಿತು. ಅವರು ಇಪ್ಪತ್ತು ಮಾರು ಹೋಗುವುದರೊಳಗೆ ಆ ದಾರಿ ಅವರ ಹಿಂದೆಯೇ ಸದ್ದಿಲ್ಲದೆ ಮುಚ್ಚಿಕೊಂಡಿತು. ಎಲ್ಲಿಂದ ಹೋದರು ಎಂದು ತೋರಿಸಲು ಗುರುತೇ ಉಳಿಯಲಿಲ್ಲ. ನನಗೆ ಅದು ಸೇರಲಿಲ್ಲ.

ಮೊದಲ ವಾರ ಮುಗಿಯುವ ಮುಂಚೆಯೇ ಭಾವ ಅಂಗಡಿಗೆ ಬಂದರು. ಒಳಗೆ ಬರದೆ ಬಾಗಿಲಲ್ಲೇ ನಿಂತರು.

"ಆ ಪಂಪು ಒಂಥರಾ ಆಡ್ತದಪ್ಪ" ಎಂದರು.

"ಒಂಥರಾ ಅಂದ್ರೆ?"

"ನೀರಿಲ್ದಾಗ ಅಳುತ್ತೆ. ನೀರು ಬಂದ್ರೆ ಸುಮ್ನಾಗುತ್ತೆ."

ನನ್ನ ಕೈಯಲ್ಲಿ ಅರ್ಧ ಸುತ್ತಿದ ಕಾಯಿಲ್ ಇತ್ತು. "ಅಳೋದಕ್ಕೆ ಅದೇನ್ ಮಗೂನಾ ಭಾವ? ಜಾಲೀಲಿ ಕಸ ಸಿಕ್ಕಿರುತ್ತೆ. ಕ್ಲೀನ್ ಮಾಡಿ" ಎಂದೆ. ಅವರು ತಲೆಯಾಡಿಸಿ ಹೋದರು.

ಎರಡನೇ ಸಲ ಹೇಳಿದಾಗ ನಾನೇ ಹೋಗಿ ನೋಡಿದೆ. ಬೆಳಗಿನ ಹೊತ್ತು. ಮಂಜು ಇನ್ನೂ ಎದ್ದಿರಲಿಲ್ಲ. ಏರಿಯ ಮೇಲೆ ಸ್ಕೂಟರ್ ನಿಲ್ಲಿಸುವಾಗಲೇ ಆ ಸದ್ದು ಕೇಳಿತು. ಸಣ್ಣ ಪಂಪು ಒಣ ಓಡಿದರೆ ಬರುವ ಕೀರಲು ದನಿ. ದಿನಾ ಕೇಳುವ ಸದ್ದೇ, ಹೊಸದೇನಲ್ಲ. ಆದರೆ ಅಂಗಡಿಯೊಳಗೆ ಕೇಳುವುದು ಬೇರೆ, ಎದುರಿಗೆ ಏನೂ ಕಾಣದ ಬಿಳಿ ಮಂಜಿನೊಳಗಿಂದ ಕೇಳುವುದು ಬೇರೆ. ಮುಚ್ಚಿದ ಬಾಗಿಲಿನ ಹಿಂದೆ ಯಾರೋ ಬಾಯಿಗೆ ಸೆರಗು ಅಡ್ಡ ಹಿಡಿದು ಅಳುವ ಹಾಗಿತ್ತು. ಭಾವ ಸ್ವಿಚ್ ಹಾಕಿ ದಡಕ್ಕೆ ಇಳಿದು ಬೀಡಿ ಹಚ್ಚಿದ್ದರು. ದೋಣಿಯಲ್ಲಿ ಯಾರೂ ಇರಲಿಲ್ಲ.

ನಾನು ದೋಣಿಯ ಹಿಂಭಾಗಕ್ಕೆ ಕಾಲಿಟ್ಟೆ. ಸದ್ದು ತಕ್ಷಣ ನಿಂತಿತು.

ನಾವು ಒಳಗೆ ಹೋದ ಕೂಡಲೇ ಮಾತಾಡುತ್ತಿದ್ದವರು ಬಾಯಿ ಮುಚ್ಚಿಕೊಂಡರೆ ಹೇಗಾಗುತ್ತದೆ, ಹಾಗಾಯಿತು ನನಗೆ. ಇಳಿದೆ. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಶುರುವಾಯಿತು. ಹತ್ತಿದೆ, ನಿಂತಿತು. ನನ್ನ ಭಾರಕ್ಕೆ ದೋಣಿ ಹಿಂದಕ್ಕೆ ವಾಲಿ, ಹಲಗೆಯ ಕೆಳಗಿದ್ದ ಅಷ್ಟಿಷ್ಟು ನೀರು ಗುಂಡಿಗೆ ಹರಿದು ಬರುತ್ತಿತ್ತು, ಬುರುಡೆ ಎದ್ದು ನಿಲ್ಲುತ್ತಿತ್ತು, ಪಂಪು ನಿಲ್ಲುತ್ತಿತ್ತು. ಇವತ್ತು ಇದನ್ನು ಬರೆಯುವಾಗ ಎಷ್ಟು ಸುಲಭವಾಗಿ ಬರೆಯುತ್ತಿದ್ದೇನೆ. ಅವತ್ತು ನನಗೆ ಕಂಡದ್ದು ಇಷ್ಟೇ: ಮನುಷ್ಯ ಹತ್ತಿದರೆ ಸುಮ್ಮನಾಗುತ್ತದೆ, ಇಳಿದರೆ ಅಳುತ್ತದೆ.

ಭಯವಾದರೆ ನನಗೆ ಕೋಪ ಬರುತ್ತದೆ. ಮುಚ್ಚಳ ಕಿತ್ತು ಗುಂಡಿಗೆ ಕೈ ಹಾಕಿದೆ. ಗೇಣು ನೀರಿತ್ತು, ಪಂಪು ಸುಮ್ಮನೆ ಮುಳುಗಿ ಕುಳಿತಿತ್ತು. ಬುರುಡೆಯನ್ನು ಹಿಡಿದು ಕೆಳಕ್ಕೆ ತೂಗುಬಿಟ್ಟೆ. ಪಂಪು ಓಡಿ, ಪೈಪಿನಿಂದ ನೀರು ಆಚೆ ಬಿತ್ತು. "ನೋಡಿ, ಎಷ್ಟು ಚೆನ್ನಾಗಿ ಎಸೀತಿದೆ. ಏನಾಗಿದೆ ಇದಕ್ಕೆ?" ಎಂದೆ.

"ನೀನು ಬಂದಾಗ ಮಾಡುತ್ತಪ್ಪ" ಎಂದರು ಭಾವ.

ಅದೂ ನಿಜವೇ ಆಗಿತ್ತು. ನಾನು ಹೋದಾಗಲೆಲ್ಲ ಬುರುಡೆ ನನ್ನ ಕೈಯಲ್ಲಿರುತ್ತಿತ್ತು, ನೀರು ಹೊರಗೆ ಬೀಳುತ್ತಿತ್ತು. ನಾನು ಬೆನ್ನು ತಿರುಗಿಸಿದ ಮೇಲೆ ಅದರ ಆಟ ಶುರು. ಎರಡು ತಿಂಗಳಲ್ಲಿ ಎರಡು ಪಂಪು ಸುಟ್ಟವು. ಮೊದಲನೆಯದು ಸುಟ್ಟಾಗ ಕಳಪೆ ಮಾಲು ಎಂದು ಅಂಗಡಿಯವನನ್ನು ಬೈದೆ. ಎರಡನೆಯದಕ್ಕೆ ಭಾವನನ್ನೇ ಬೈದೆ. ಫ್ಯೂಸು ಬದಲಿಸಿದೆ, ಬ್ಯಾಟರಿಯ ತುದಿ ಉಜ್ಜಿದೆ, ಪೈಪನ್ನು ಇನ್ನೂ ಎತ್ತರಿಸಿದೆ. ಹತ್ತು ಸಲವಾದರೂ ಆ ಮುಚ್ಚಳ ತೆಗೆದಿದ್ದೇನೆ. ಬುರುಡೆಯ ತಂತಿಗಳು ಹತ್ತು ಸಲವೂ ಕಣ್ಣೆದುರಿಗೇ ಇದ್ದವು. ನಾನು ಕಟ್ಟಿದ ಗಂಟು ನನಗೆ ಸರಿಯಾಗಿಯೇ ಕಾಣುತ್ತಿತ್ತು.

ಅಷ್ಟರಲ್ಲಿ ಭಾವ ಬದಲಾದರು. ದೋಣಿಯ ಮೂತಿಗೆ ಅರಿಶಿನ ಕುಂಕುಮ ಬಂತು. ಅದು ಎಲ್ಲರೂ ಮಾಡುವುದೇ, ನಮ್ಮ ಅಂಗಡಿಯ ಡ್ರಿಲ್ಲಿಂಗ್ ಮೆಷಿನ್ನಿಗೂ ಇದೆ. ಆದರೆ ಒಂದು ಬೆಳಿಗ್ಗೆ ಹೋದಾಗ ಅವರು ಗುಂಡಿಯ ಮುಚ್ಚಳದ ಮೇಲೆ ಎರಡು ಕಣಗಿಲೆ ಹೂವಿಟ್ಟು, ಬಗ್ಗಿ, ಏನೋ ಹೇಳುತ್ತಿದ್ದರು. ದೇವರಿಗೆ ಹೇಳುವ ದನಿಯಲ್ಲಿ ಅಲ್ಲ. ರಚ್ಚೆ ಹಿಡಿದ ಮಗುವನ್ನೋ, ಬಾಕಿ ಕೇಳಲು ಬಂದವರನ್ನೋ ಸಮಾಧಾನ ಮಾಡುವ ದನಿ. ನನ್ನ ಹೆಜ್ಜೆ ಕೇಳಿ ಎದ್ದು ನಿಂತರು.

"ಏನ್ ಭಾವ ಅದು?"

"ಏನಿಲ್ಲಪ್ಪ. ಸುಮ್ನೆ."

ಅವತ್ತೇ ಅವರು ಮೂರನೆಯ ಸಲ ಹೇಳಿದ್ದು. ದೋಣಿಯ ಅಂಚು ಹಿಡಿದುಕೊಂಡು, ನನ್ನ ಕಡೆ ನೋಡದೆ ಹೇಳಿದರು. "ಬೆಳಿಗ್ಗೆ ಬಂದು ಮಗ್ಗಲ್ಲಿ ನೀರೆಲ್ಲ ಮೊಗೆದು ಹಾಕ್ತೀನಿ. ಖಾಲಿ ಆದ್ ತಕ್ಷಣ ಕೂಗಕ್ಕೆ ಶುರು ಮಾಡುತ್ತೆ. ಆಮೇಲೆ ಕಳೆ ಸೊಪ್ಪು ತುಂಬಿ, ನೀರು ಸೋರಿ, ಹೊಟ್ಟೆ ತುಂಬ್ಲಿ, ಆಗ ತೆಪ್ಪಗಾಗುತ್ತೆ. ಅದಕ್ಕೆ ನೀರು ಬೇಕು ಅನ್ಸುತ್ತೆ ಕಣಪ್ಪ."

ನಾನು ಆಗ ಆಡಿದ ಮಾತು ಇಲ್ಲಿ ಬರೆಯಲು ನಾಚಿಕೆಯಾಗುತ್ತದೆ. ಬರೆಯುತ್ತೇನೆ. "ಬಟ್ಟೆ ಕತ್ತರಿಸಿದೋರಿಗೆ ಮೋಟಾರ್ ಬಗ್ಗೆ ಏನ್ರೀ ಗೊತ್ತು? ನಾನು ಮೂವತ್ತು ವರ್ಷದಿಂದ ಕತ್ತೆ ಕಾಯ್ತಿದೀನಾ? ಹೆಂಗಸರ ತರ ದೆವ್ವ ಭೂತ ಅಂತ ಬಂದ್ರೆ ಆ ಗುತ್ತಿಗೆದಾರನ ಹತ್ರ ನನ್ ಮರ್ಯಾದೆ ಏನಾಗ್ಬೇಕು?" ಎಂದೆ. ಅವರು ತಲೆ ತಗ್ಗಿಸಿ, ಮಗ್ಗು ತೆಗೆದುಕೊಂಡು ದೋಣಿ ಹತ್ತಿದರು. ಅದಾದ ಮೇಲೆ ಆ ಪಂಪಿನ ವಿಷಯ ಅವರು ಎತ್ತಲೇ ಇಲ್ಲ. ರಿಪೇರಿಯಾಯಿತು ಎಂದು ನಾನು ಅಂದುಕೊಂಡೆ.

ಒಂದು ಭಾನುವಾರ ಅಕ್ಕ ತಾನೂ ಕೆರೆ ನೋಡಬೇಕು ಎಂದಳು. ಭಾವ ಸರಿಯಾಗಿ ಊಟ ಮಾಡುತ್ತಿಲ್ಲ, ಡಬ್ಬಿ ಹಾಗೇ ವಾಪಸ್ ಬರುತ್ತಿದೆ ಎಂದು ಅವಳ ದೂರು. ಬಿಸಿಬಿಸಿ ಮುದ್ದೆ, ಸೊಪ್ಪಿನ ಸಾರು ಕಟ್ಟಿಕೊಂಡು ಸ್ಕೂಟರಿನ ಹಿಂದೆ ಕುಳಿತಳು. ನಾವು ಏರಿ ತಲುಪಿದಾಗ ಮಧ್ಯಾಹ್ನ ಎರಡು ಗಂಟೆ ಇರಬಹುದು. ಮೋಡ ಕವಿದು, ಗಾಳಿ ಬಿದ್ದುಹೋಗಿತ್ತು. ಕಳೆಯ ಒಂದು ಎಲೆಯೂ ಅಲ್ಲಾಡುತ್ತಿರಲಿಲ್ಲ. ದೂರದ ಮನೆಗಳ ಮೇಲೆ ಒಣಹಾಕಿದ ಬಟ್ಟೆಗಳೂ ಜೋತುಬಿದ್ದಿದ್ದವು.

ಭಾವ ಕೆರೆಯ ನಡುಮಧ್ಯದಲ್ಲಿದ್ದರು. ಅವತ್ತು ಜೊತೆಗೆ ಬರಬೇಕಿದ್ದ ಕೆಲಸಗಾರ ಬಂದಿರಲಿಲ್ಲ, ಒಬ್ಬರೇ. ಎದೆಯೆತ್ತರ ಕಳೆ ಪೇರಿಸಿದ್ದರು. ಹಸಿರು ಗುಡ್ಡೆಯ ಹಿಂದೆ ಅವರ ತಲೆ, ಕೊಕ್ಕೆಯ ಕೋಲು ಮಾತ್ರ ಕಾಣುತ್ತಿತ್ತು. ಪಂಪಿನ ಕೀರಲು ದನಿ ನೀರಿನ ಮೇಲೆ ಹಾಯ್ದು ನಮ್ಮವರೆಗೆ ಬರುತ್ತಿತ್ತು. ಅಕ್ಕ ಕಿವಿಗೊಟ್ಟಳು. "ಏನೋ ಅದು, ಹೆಣದ ಮನೇಲಿ ಅತ್ತಂಗೆ?" ಎಂದಳು.

"ಪಂಪು" ಎಂದೆ. ನನಗೆ ರೇಗಿತ್ತು. ರಿಪೇರಿಯಾಗಿಲ್ಲ ಎನ್ನುವುದು ಆಗ ಗೊತ್ತಾಗಿತ್ತು.

ಕಲ್ಲಿನ ಮೇಲೆ ಕುಳಿತೆವು. ಅಕ್ಕ ಡಬ್ಬಿಯ ಗಂಟು ಬಿಚ್ಚಿದಳು, ಭಾವನನ್ನು ಕೂಗಿ ಕರೆಯಲು ಹೇಳಿದಳು. ಅಷ್ಟರಲ್ಲಿ ಸದ್ದು ನಿಂತಿತು. ಇಡೀ ಕೆರೆ ಕಿವಿ ಮುಚ್ಚಿದ ಹಾಗಾಯಿತು.

"ಸದ್ಯ, ತುಂಬ್ತು" ಎಂದಳು ಅಕ್ಕ.

"ಏನ್ ತುಂಬ್ತು?"

"ಮೋಟಾರ್ ನಿಂತಲ್ಲೋ. ತುಂಬಿದ್ ಮೇಲೆ ತಾನೇ ನಿಲ್ಲೋದು?" ಸಾರಿನ ಡಬ್ಬಿಯ ಮುಚ್ಚಳ ತಿರುಗಿಸುತ್ತಾ ಅವಳು ಇದನ್ನು ಹೇಳಿದಳು. ಹೊಸಹಳ್ಳಿಯ ಮನೆಯಲ್ಲಿ ದಿನಾ ಬೆಳಿಗ್ಗೆ ಮೋಟಾರ್ ನಿಂತಾಗ ಅಡುಗೆಮನೆಯಿಂದ ಹೇಳುವ ಮಾತದು. ಟ್ಯಾಂಕ್ ತುಂಬಿತು, ಬುರುಡೆ ಎದ್ದಿತು, ಮೋಟಾರ್ ನಿಂತಿತು. ನಮ್ಮ ಕಡೆ ಹುಟ್ಟಿ ಬೆಳೆದವರಿಗೆ ಪಂಪು ಅಂದರೆ ಅಷ್ಟೇ. ನೀರು ಇಲ್ಲದ ಕಡೆಗೆ ನೀರು ತುಂಬಿಸುವುದು. ಇರುವ ನೀರನ್ನು ಖಾಲಿ ಮಾಡುವ ಪಂಪನ್ನು ನಾನು ಜನ್ಮದಲ್ಲಿ ಒಂದನ್ನೂ ಹಾಕಿರಲಿಲ್ಲ.

ಆ ಬುರುಡೆಯಿಂದ ಮೂರು ತಂತಿ ಬರುತ್ತವೆ. ಕಪ್ಪು ಯಾವ ಕೆಲಸಕ್ಕಾದರೂ ಬೇಕು. ನೀಲಿ ಹಾಕಿದರೆ ತುಂಬಿಸುವ ಕೆಲಸ, ತುಂಬಿದಾಗ ನಿಲ್ಲುತ್ತದೆ. ಕಂದು ಹಾಕಿದರೆ ಖಾಲಿ ಮಾಡುವ ಕೆಲಸ, ತುಂಬಿದಾಗ ಓಡುತ್ತದೆ. ಮನೆಗಳಲ್ಲಿ ಕಂದು ಬೇಕೇ ಆಗುವುದಿಲ್ಲ. ಡಬ್ಬ ಒಡೆದ ಕೂಡಲೇ ಅದನ್ನು ಕಚಕ್ಕನೆ ಕತ್ತರಿಸಿ ಟೇಪು ಸುತ್ತಿಬಿಡುವುದು ನನ್ನ ಕೈಗೆ ಮೂವತ್ತು ವರ್ಷದ ಅಭ್ಯಾಸ. ದೋಣಿಯದನ್ನೂ ಕತ್ತರಿಸಿದ್ದೆ. ಟ್ಯಾಂಕಿನ ಬುರುಡೆ ಪರೀಕ್ಷೆ ಮಾಡುವ ಹಾಗೆಯೇ ಎತ್ತಿ ಇಳಿಸಿ, ಎತ್ತಿದಾಗ ನಿಂತಿತು, ಸರಿಯಾಗಿದೆ ಎಂದಿದ್ದೆ.

ಹಾಗಾದರೆ ಈಗ ಪಂಪು ನಿಂತಿದೆ ಎಂದರೆ ದೋಣಿಯ ಹೊಟ್ಟೆಗೆ ನೀರು ಬಂದಿದೆ. ಇನ್ನು ಬರುತ್ತಲೇ ಇರುತ್ತದೆ, ಪಂಪು ಏಳುವುದಿಲ್ಲ.

ಎದ್ದು ನೋಡಿದೆ. ಆ ಹಸಿರು ಗುಡ್ಡೆ ನಾವು ಬಂದಾಗ ಇದ್ದುದಕ್ಕಿಂತ ಕುಳ್ಳಾಗಿತ್ತು. ದೋಣಿಯ ಬಿಳಿ ಅಂಚು ಕಾಣುತ್ತಲೇ ಇರಲಿಲ್ಲ. ಭಾವನ ಕೋಲು ಅಲ್ಲಾಡುತ್ತಿರಲಿಲ್ಲ. ಫೋನ್ ಮಾಡಿದೆ. ಒಂದೇ ರಿಂಗಿಗೆ ಎತ್ತಿದರು.

"ಭಾವ, ನೀರೆಷ್ಟಿದೆ?"

"ಹಲಗೆ ಮೇಲೆ ಬಂದಿದೆ ಕಣಪ್ಪ" ಎಂದರು. ದನಿಯಲ್ಲಿ ಏರುಪೇರೇ ಇರಲಿಲ್ಲ. "ಇವತ್ತು ಬೇಗ ಬಂತು. ಮೊಗೆಯಕ್ಕೆ ಆಗ್ಲಿಲ್ಲ, ಸೊಪ್ಪು ಜಾಸ್ತಿ ಹಾಕ್ಬಿಟ್ಟೆ, ಅಂಚಿನ ಮೇಲಿಂದ್ಲೂ ನುಗ್ತಿದೆ. ನಿಮ್ಮಕ್ಕ ಬಂದಿದಾಳಲ್ವಾ ಅಲ್ಲಿ? ಸೀರೆ ಕಾಣ್ತಿದೆ. ಅವಳನ್ನ ಮನೆಗೆ ಕರ್ಕೊಂಡು ಹೋಗ್ಬಿಡು."

ನನ್ನ ಜನ್ಮದಲ್ಲಿ ಅಂಥ ಮಾತು ಕೇಳಿಲ್ಲ. ಮುಳುಗುತ್ತಿರುವವನ ದನಿ ಅದಲ್ಲ. ಬಸ್ಸು ಬರುವುದು ಗೊತ್ತಿದ್ದು ಸ್ಟಾಪಿನಲ್ಲಿ ಕುಳಿತವನ ದನಿ.

"ಭಾವ, ಕೇಳಿ ಇಲ್ಲಿ. ಗುಂಡಿ ಒಳಗೆ ಆ ಬುರುಡೆ ಇದೆಯಲ್ಲ, ಅದನ್ನ ಕಾಲಲ್ಲಿ ಕೆಳಕ್ಕೆ ತುಳೀರಿ. ತುಳಿದು ಹಿಡ್ಕೊಳ್ಳಿ. ಬಿಡ್ಬೇಡಿ."

"ಅದರೊಳಗೆ ಕಾಲು ಹಾಕ್ಲಾ?"

"ಹಾಕಿ ಭಾವ!"

"ಎಳ್ಕೊಳಲ್ಲ ತಾನೇ?" ಎಂದರು. ಐವತ್ತೊಂಬತ್ತು ವರ್ಷದ ಮನುಷ್ಯ, ಎಳೆ ಹುಡುಗನ ಹಾಗೆ ಕೇಳಿದರು. ನಾನು ಬಾಯಿಬಿಟ್ಟು ಅಳುತ್ತಾ ಹೇಳಿದೆ, "ಇಲ್ಲ ಭಾವ. ಅದು ನನ್ನ ತಪ್ಪು. ನಾನು ತಂತಿ ಉಲ್ಟಾ ಕಟ್ಟಿದೀನಿ. ಅಲ್ಲಿ ಏನೂ ಇಲ್ಲ, ತುಳೀರಿ."

ಎಷ್ಟು ಹೊತ್ತಾಯಿತೋ. ಅಕ್ಕ ನನ್ನ ತೋಳು ಹಿಡಿದಿದ್ದಳು, ಅವಳ ಉಗುರು ನೆಟ್ಟಿದ್ದು ಆಮೇಲೆ ಗೊತ್ತಾಯಿತು. ಕೆರೆಯ ನಡುವಿನಿಂದ ಆ ಕೀರಲು ದನಿ ಎದ್ದಿತು. ಒಮ್ಮೆ ನಿಂತಿತು, ಮತ್ತೆ ಎದ್ದಿತು. ಈ ಸಲ ಅದರ ಜೊತೆಗೆ ನೀರು ನೀರಿಗೆ ಬೀಳುವ ಸದ್ದೂ ಇತ್ತು.

ಕಳೆ ಎಸೆಯಿರಿ ಎಂದು ಫೋನಿನಲ್ಲಿ ಹೇಳಿದೆ. ಒಂದು ಕಾಲು ಗುಂಡಿಯಲ್ಲಿ, ಒಂದು ಕಾಲು ಹಲಗೆಯ ಮೇಲೆ ಇಟ್ಟು, ಕೈಗೆ ಸಿಕ್ಕಷ್ಟು ಕಳೆಯನ್ನು ಹೊರಕ್ಕೆ ತಳ್ಳಿದರು. ಆಮೇಲೆ ಫೋನ್ ಜೇಬಿಗಿಟ್ಟು ಬಿದಿರು ಗಳ ಹಿಡಿದರು. ಕಳೆ ಸುತ್ತಿಕೊಂಡು ಮೋಟಾರಿನ ರೆಕ್ಕೆ ತಿರುಗುತ್ತಿರಲಿಲ್ಲ, ಗಳ ಊರಿಯೇ ಬರಬೇಕಿತ್ತು. ಊರುವಾಗ ಕಾಲು ಜಾರಿದರೆ ಪಂಪು ನಿಲ್ಲುತ್ತಿತ್ತು. ಪ್ರತಿ ಸಲ ನಿಂತಾಗಲೂ ಅಕ್ಕನ ಉಸಿರು ನಿಲ್ಲುತ್ತಿತ್ತು. ಅರ್ಧ ಗಂಟೆ. ಎರಡು ತಿಂಗಳು ಯಾವ ಸದ್ದು ಕೇಳಿದರೆ ಮೈ ಉರಿಯುತ್ತಿತ್ತೋ ಅದು ನಿಲ್ಲದಿರಲಿ ಎಂದು ನಾನು, ದೇವರಿಗೆ ಕೈ ಮುಗಿಯದವನು, ಕೈ ಮುಗಿದುಕೊಂಡು ನಿಂತಿದ್ದೆ.

ದಡಕ್ಕೆ ಬಂದಾಗಲೂ ಕಾಲು ತೆಗೆಯಲಿಲ್ಲ. ನಾನೇ ಹೋಗಿ ಸ್ವಿಚ್ ತೆಗೆದು, ಅವರ ಪಾದವನ್ನು ಎರಡೂ ಕೈಯಲ್ಲಿ ಹಿಡಿದು ಮೇಲೆತ್ತಿದೆ. ಬೆಳ್ಳಗೆ, ತಣ್ಣಗೆ, ಬೆರಳೆಲ್ಲ ಸುಕ್ಕುಗಟ್ಟಿತ್ತು. ಬೈಯುತ್ತಾರೆ ಅಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು. ಅವರು ಕಲ್ಲಿನ ಮೇಲೆ ಕುಳಿತು, "ಸಾರು ತಂದಿದೀಯಾ?" ಎಂದು ಅಕ್ಕನನ್ನು ಕೇಳಿದರು.

ಊಟ ಮುಗಿಸಿ ಕೈ ತೊಳೆದ ಮೇಲೆ ನಾನು, "ಅಷ್ಟು ಭಯ ಇದ್ದಿದ್ರೆ ಕೆಲಸ ಬಿಟ್ಟುಬಿಡೋದಲ್ವಾ ಭಾವ?" ಎಂದೆ.

"ನೀನು ಕೊಡಿಸಿದ ಕೆಲಸ" ಎಂದರು. "ಮೂವತ್ತು ವರ್ಷ ಮೋಟಾರ್ ನೋಡಿದೋನು, ನಿನ್ ಕೈಯಲ್ಲಿ ತಪ್ಪಾಗಲ್ಲ. ಹಂಗಾದ್ರೆ ತಪ್ಪು ದೋಣೀಲಿರ್ಬೇಕು, ಇಲ್ಲ ನನ್ನಲ್ಲಿ ಇರ್ಬೇಕು. ಆ ಪಂಪಿಗೆ ನಾನೇ ಬೇಕೇನೋ ಅಂದ್ಕೊಂಡೆ." ಒಂದಿಷ್ಟೂ ಮೊನೆಯಿಲ್ಲದೆ ಹೇಳಿದರು. ನನ್ನನ್ನು ನಂಬಿ ತನ್ನ ಕಣ್ಣನ್ನೇ ನಂಬದೆ ಹೋದ ಮನುಷ್ಯ. ಇದಕ್ಕಿಂತ ಕಪಾಳಕ್ಕೆ ಹೊಡೆದಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ.

ಅವತ್ತು ಸಂಜೆಯೇ ದೋಣಿಯನ್ನು ದಡಕ್ಕೆ ಎಳೆಸಿ, ಹೊಸ ಬುರುಡೆ ತಂದು, ಕಂದು ತಂತಿಯನ್ನು ಕಟ್ಟಿದೆ. ಕೈಯಿಂದ ಎತ್ತಿ ಇಳಿಸಲಿಲ್ಲ. ಬಕೆಟ್ಟಿನಲ್ಲಿ ಕೆರೆಯ ನೀರು ತಂದು ಗುಂಡಿಗೆ ಸುರಿದೆ. ನೀರು ಏರಿತು, ಪಂಪು ಓಡಿತು, ಖಾಲಿಯಾಯಿತು, ನಿಂತಿತು. ಇಪ್ಪತ್ತು ಸಲ ಸುರಿದೆ. ಭಾವ ಪಕ್ಕದಲ್ಲೇ ನಿಂತು ನೋಡಿದರು. "ಈಗ ಸರಿ ಇದೆ ಭಾವ" ಎಂದೆ. "ಹೂಂ ಕಣಪ್ಪ, ಗೊತ್ತಾಯ್ತು" ಎಂದರು.

ಮರುದಿನ ಅವರ ಜೊತೆ ನಾನೂ ಹೋಗಬೇಕೆಂದು ಬೆಳಿಗ್ಗೆ ಹೊಸಹಳ್ಳಿಗೆ ಹೋದೆ. ಅಷ್ಟು ದಿನವಾದರೂ ಆ ದೋಣಿಯಲ್ಲಿ ಕುಳಿತು ನಾನು ಒಂದು ಸಲವೂ ದಡ ಬಿಟ್ಟಿರಲಿಲ್ಲ. ಭಾವ ಹೊರಡುವ ತಯಾರಿಯಲ್ಲಿದ್ದರು. ದೇವರ ಗೂಡಿನ ಮುಂದೆ ನಿಂತು, ಮದುವೆಯ ಉಂಗುರವನ್ನು ಬೆರಳಿನಿಂದ ತಿರುಗಿಸಿ ತಿರುಗಿಸಿ ತೆಗೆದು, ದೀಪದ ಪಕ್ಕ ಇಟ್ಟರು. ಕೈಗಡಿಯಾರ ಬಿಚ್ಚಿ ಇಟ್ಟರು. ಜೇಬಿನಿಂದ ಬ್ಯಾಂಕಿನ ಕಾರ್ಡು ತೆಗೆದು ಅದರ ಕೆಳಗೆ ಸೇರಿಸಿದರು. ಆಮೇಲೆ ಚಪ್ಪಲಿ ಮೆಟ್ಟಲು ಹೊರಗೆ ಹೋದರು.

"ದಿನಾ ಇಟ್ಟು ಹೋಗ್ತಾರೆ ಕಣೋ, ಎರಡು ತಿಂಗಳಾಯ್ತು" ಎಂದಳು ಅಕ್ಕ, ನನ್ನ ಪಕ್ಕದಲ್ಲಿ ನಿಂತು. "ನೀರಲ್ಲಿ ಬಿದ್ದೋಗುತ್ತೆ ಅಂತ ಇಡ್ತಾರೆ ಅಂದ್ಕೊಂಡಿದ್ದೆ ನಾನು. ಇವತ್ತೂ ಇಟ್ರು ನೋಡು."

ಪಂಪು ಸರಿಯಾಗಿದೆ ಎಂದು ಅವಳಿಗೆ ಹೇಳಲು ಬಾಯಿ ತೆರೆದೆ. ಹೊರಗಿನಿಂದ ಭಾವ, "ಬರ್ತೀಯೇನಪ್ಪ?" ಎಂದು ಕೂಗಿದರು. ನನ್ನ ಗಡಿಯಾರ ಬಿಚ್ಚಿ ಅವರದರ ಪಕ್ಕಕ್ಕಿಟ್ಟು, "ಬಂದೆ ಭಾವ" ಎಂದೆ.